ಬಂದ್ಯೋಡಿನಲ್ಲಿ ಒಂದು ಬಾಡಿಗೆ ಕಾರು

ಮಂಗಳೂರಿನಿಂದ ಕಾಸರಗೋಡಿಗೆ ಹೋಗುವ ಹೆದ್ದಾರಿಯಲ್ಲಿ ತಲಪಾಡಿ ದಾಟಿದರೆ ಕೇರಳ ರಾಜ್ಯ. ಆದರೂ ಕುಂಜತ್ತೂರು, ಹೊಸಂಗಡಿ, ಉಪ್ಪಳದ ಅಂಗಡಿಗಳಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಮಾತೂ ಕೇಳಿಸುತ್ತದೆ. ಉಪ್ಪಳ ಕಳೆದು ಕುಂಬಳೆಯ ಕಡೆಗೆ ಹೋಗುವಾಗ ಸಿಗುವ ಪೇಟೆ ಬಂದ್ಯೋಡು. ಇಲ್ಲಿಂದ ಪೂರ್ವಕ್ಕೆ ಒಂದು ರಸ್ತೆ ಕವಲೊಡೆದು ಪೆರ್ಮುದೆ, ಧರ್ಮತ್ತಡ್ಕದ ಅಡಿಕೆ ತೋಟಗಳ ಕಡೆಗೆ ಏರುತ್ತದೆ. 1956ರ ನವೆಂಬರ್ 1ರವರೆಗೆ ಈ ಸೀಮೆಯೆಲ್ಲ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಗಡಿಗೆರೆ ಎಲ್ಲಿ ಬಿದ್ದರೂ ವ್ಯಾಪಾರ, ಸಂಬಂಧ, ಹೋಗುಬರುವಿಕೆ ನಿಲ್ಲಲಿಲ್ಲ. ಅಡಿಕೆ ಖರೀದಿಗಾಗಿ ನಾನು ಈ ದಾರಿಯಲ್ಲಿ ಮೂವತ್ತೈದು ವರ್ಷಗಳಿಂದ ಓಡಾಡುತ್ತಿದ್ದೇನೆ.

ಮೊದಲು ಇದನ್ನು 17ನೇ ರಾಷ್ಟ್ರೀಯ ಹೆದ್ದಾರಿ ಎನ್ನುತ್ತಿದ್ದರು. 2010ರಲ್ಲಿ ಸಂಖ್ಯೆ ಬದಲಾಗಿ 66 ಆಯಿತು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರನ್ನು ಆರು ಪಥವಾಗಿ ಅಗಲಿಸುವ ಕೆಲಸ ನಡೆದ ವರ್ಷಗಳಲ್ಲಿ ಇಲ್ಲಿ ಓಡಾಡಿದವರಿಗೆ ಕೆಂಪು ಧೂಳು ಎಂದರೇನೆಂದು ಹೇಳಬೇಕಾಗಿಲ್ಲ. ಬಿಳಿ ಪಂಚೆ ಉಟ್ಟು ಹೊರಟವನು ಕಾವಿ ಉಟ್ಟವನಂತೆ ಮನೆಗೆ ಬರುತ್ತಿದ್ದ.

ಇಷ್ಟು ವರ್ಷ ಈ ಊರಿಗೆ ನಾನು ಒಬ್ಬನೇ ಬಂದು ಹೋಗುತ್ತಿದ್ದೆ. ಬಸ್ಸೋ ಲಾರಿಯೋ ಸಿಕ್ಕಿದ್ದರಲ್ಲಿ ಹತ್ತಿಕೊಳ್ಳುತ್ತಿದ್ದೆ. ಕಳೆದ ದೀಪಾವಳಿ ಕಳೆದ ಮೇಲೆ ಇಲ್ಲಿಯ ಬೆಳೆಗಾರ ಮಿತ್ರರೊಬ್ಬರ ಮನೆಯ ಗೃಹಪ್ರವೇಶಕ್ಕೆ ಕುಟುಂಬ ಸಮೇತ ಬರುವ ಸಂದರ್ಭ ಒದಗಿತು. ನಾನು, ನನ್ನ ಮನೆಯವರು, ಎಪ್ಪತ್ತೈದು ದಾಟಿದ ಅಕ್ಕ, ಮಗ, ಸೊಸೆ, ಹತ್ತು ವರ್ಷದ ಮೊಮ್ಮಗ, ಹೀಗೆ ಆರು ಜನ. ನಮ್ಮ ಮನೆಯ ಸಣ್ಣ ಕಾರಿನಲ್ಲಿ ಇಷ್ಟು ಜನ ಹಿಡಿಸುವುದಿಲ್ಲವಾದ್ದರಿಂದ ಮಂಗಳೂರಿನಿಂದ ರೈಲಿನಲ್ಲಿ ಉಪ್ಪಳಕ್ಕೆ ಬಂದಿಳಿದೆವು.

ಅಕ್ಕನಿಗೆ ಬಹಳ ವರ್ಷದಿಂದ ಒಂದು ಆಸೆ ಇತ್ತು. ಬಂಗ್ರಮಂಜೇಶ್ವರದ ಚತುರ್ಮುಖ ಬಸದಿಯ ದರ್ಶನ ಮಾಡಬೇಕು ಎಂದು. ಬಂದ್ಯೋಡಿಗೆ ಬಂದವರು ಅಲ್ಲಿಗೆ ಹೋಗದೆ ಮರಳುವುದು ಸರಿಯಲ್ಲ. ಹಾಗೆಯೇ ರಾಷ್ಟ್ರಕವಿ ಗೋವಿಂದ ಪೈಗಳ ಗಿಳಿವಿಂಡನ್ನು ಮೊಮ್ಮಗನಿಗೆ ತೋರಿಸುವುದು, ಮಧ್ಯಾಹ್ನದ ಮೇಲೆ ಧರ್ಮತ್ತಡ್ಕದ ಬಳಿಯ ಪೊಸಡಿಗುಂಪೆ ಬೆಟ್ಟ ನೋಡುವುದು, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವುದು ಎಂದು ಲೆಕ್ಕ ಹಾಕಿದೆವು. ಮಗ ಒಳ್ಳೆಯ ಡ್ರೈವಿಂಗ್ ಮಾಡುತ್ತಾನೆ. ಗೃಹಪ್ರವೇಶಕ್ಕೆ ಬಂದಿದ್ದ ಯಾರೋ ಒಬ್ಬರು, "ದಿನಕ್ಕೆ ಎರಡೂವರೆ ಸಾವಿರ ಕೊಟ್ಟರೆ ಏಳು ಸೀಟಿನ ಕಾರು ಸಿಗ್ತದೆ, ನೀವೇ ಓಡಿಸಿಕೊಳ್ಳಬಹುದು" ಎಂದರು. ಫೋನಿನಲ್ಲಿಯೇ ಸಾವಿರ ರೂಪಾಯಿ ಮುಂಗಡ ಹೋಯಿತು.

ಈ ಕಡೆ ಇಂಥ ಬಾಡಿಗೆ ಕಾರುಗಳು ಬಹಳ. ಅದಕ್ಕೆ ಕಾರಣವೂ ಇದೆ. ಕಾಸರಗೋಡಿನಿಂದ ಗಲ್ಫ್ ದೇಶಗಳಿಗೆ ದುಡಿಯಲು ಹೋದವರು ಅಸಂಖ್ಯ. ರಜೆಯಲ್ಲಿ ಬಂದವರಿಗೆ ಒಂದೆರಡು ತಿಂಗಳಿಗೆ ಕಾರು ಬೇಕು. ರಜೆ ಮುಗಿಸಿ ಹೋದವರ ಕಾರು ಅಂಗಳದಲ್ಲಿ ಸುಮ್ಮನೆ ನಿಂತಿರುತ್ತದೆ. ನಿಂತ ಕಾರನ್ನು ಬೇಕಾದವರಿಗೆ ಕೊಡಿಸುವ ಮಧ್ಯವರ್ತಿಗಳೂ ಹುಟ್ಟಿಕೊಂಡಿದ್ದಾರೆ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಇಪ್ಪತ್ತೆರಡು ಇಪ್ಪತ್ಮೂರು ಪ್ರಾಯದ ಹುಡುಗನೊಬ್ಬ ಕಾರನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ಅದರ ಮೂಲ ಬಣ್ಣ ಬಿಳಿ ಇದ್ದಿರಬೇಕು. ಬಾಗಿಲಿನ ಅರ್ಧದವರೆಗೆ ಕೆಂಪು ಮಣ್ಣು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೊರಗಿನ ಮಣ್ಣು ರಸ್ತೆಯದು. ಎರಡು ಕೊಡ ನೀರು ಹೊಯ್ದರೆ ಹೋಗುತ್ತದೆ.

ಅಡಿಕೆ ವ್ಯಾಪಾರ ಮಾಡುವವರು ಗೋಣಿಯ ಬಾಯಲ್ಲಿರುವ ಅಡಿಕೆ ನೋಡಿ ದರ ಹೇಳುವುದಿಲ್ಲ. ಕೈಯನ್ನು ಒಳಗೆ ಇಳಿಸಿ ನಡುವಿನಿಂದ ಒಂದು ಹಿಡಿ ತೆಗೆದು, ನಾಲ್ಕನ್ನು ಅಡಕತ್ತರಿಯಲ್ಲಿ ತುಂಡು ಮಾಡಿ ನೋಡುತ್ತಾರೆ. ಮೇಲೆ ಬೆಳ್ಳಗಿದ್ದ ಚಾಲಿ ಒಳಗೆ ಕಪ್ಪಗಿರುವುದುಂಟು. ಅದೇ ಅಭ್ಯಾಸದಿಂದ ನಾನು ಕಾರಿನ ನಾಲ್ಕು ಬಾಗಿಲನ್ನೂ ಹಿಂದಿನ ಡಿಕ್ಕಿಯನ್ನೂ ತೆರೆಸಿದೆ.

ಬಾಗಿಲು ತೆರೆದೊಡನೆ ಬಂದ ವಾಸನೆಗೆ ಸೊಸೆ ಸೆರಗನ್ನು ಮೂಗಿಗೆ ಹಿಡಿದಳು. ಕಾಲಡಿಯ ಮ್ಯಾಟುಗಳು ಒದ್ದೆಯಾಗಿ ಬೂಸಲು ಹಿಡಿದಿದ್ದವು. ಸೀಟಿನ ಸಂದಿನಲ್ಲಿ ಸಮುದ್ರದ ಮರಳು, ಬಿಸ್ಕೆಟಿನ ಕಾಗದ, ಯಾರದೋ ಮಗುವಿನ ಒಂದು ಚಪ್ಪಲಿ. ಬಾಗಿಲಿನ ಬದಿಯಲ್ಲಿ ಗುಟ್ಕಾ ಉಗುಳಿದ ಕಲೆ. ಡಿಕ್ಕಿಯಲ್ಲಿ ಮೀನಿನ ಪೆಟ್ಟಿಗೆಯಿಂದ ಸೋರಿದ ನೀರು ಒಣಗಿ ಅಂಟಾಗಿತ್ತು. ಅಲ್ಲಿ ನಮ್ಮ ಪೂಜಾ ಸಾಮಗ್ರಿಯ ಬುಟ್ಟಿ ಇಡಬೇಕಾಗಿತ್ತು. ಕರಾವಳಿಯಲ್ಲಿ ಮೀನು ಒಯ್ಯುವವರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಅದು ಅವರ ಆಹಾರ, ಅವರ ಬದುಕು. ಒಬ್ಬರು ಇಳಿದ ಮೇಲೆ ಇನ್ನೊಬ್ಬರಿಗೆ ಕೊಡುವ ಮೊದಲು ತೊಳೆಯಬೇಕೆಂದು ಕಾಣದಿದ್ದ ಒಡೆಯನದು ನನ್ನ ಆಕ್ಷೇಪ.

ಇಷ್ಟೇ ಆಗಿದ್ದರೆ ಎರಡು ಗಂಟೆ ಕೂತು ನಾವೇ ತೊಳೆದುಕೊಳ್ಳುತ್ತಿದ್ದೆವೋ ಏನೋ. ನಾನು ಮೊಣಕಾಲೂರಿ ಟಯರುಗಳನ್ನು ನೋಡಿದೆ. ಮುಂದಿನ ಎರಡು ಟಯರುಗಳ ಒಳಬದಿ ಬೋಳಾಗಿ ಕೈಗೆ ನುಣ್ಣಗೆ ಸಿಗುತ್ತಿತ್ತು. ಬದಲಿ ಟಯರಿನಲ್ಲಿ ಗಾಳಿ ಇರಲಿಲ್ಲ. ಜಾಕ್ ಇರಲೇ ಇಲ್ಲ. ಮಗ ಕುಳಿತು ಬ್ರೇಕ್ ಒತ್ತಿದ. ಪೆಡಲು ನೆಲಕ್ಕೆ ಮುಟ್ಟುವಷ್ಟು ಇಳಿಯಿತು. "ಎರಡು ಸಲ ಒತ್ತಿ, ಆಗ ಸರಿ ಹಿಡೀತದೆ" ಎಂದ ಹುಡುಗ. ಹ್ಯಾಂಡ್ ಬ್ರೇಕನ್ನು ಪೂರ್ತಿ ಎತ್ತಿದರೂ ಇಳಿಜಾರಿನ ಅಂಗಳದಲ್ಲಿ ಕಾರು ಮೆಲ್ಲಗೆ ಹಿಂದೆ ಸರಿಯಿತು. ನಡುವಿನ ಸೀಟಿನ ಬೆಲ್ಟಿನ ಕೊಂಡಿಗಳು ಸೀಟಿನ ಅಡಿಗೆ ಹೋಗಿ ಕೈಗೆ ಸಿಗುತ್ತಿರಲಿಲ್ಲ. ಎದುರಿನ ಫಲಕದಲ್ಲಿ ಒಂದು ಹಳದಿ ದೀಪ ಉರಿಯುತ್ತಲೇ ಇತ್ತು. ಅದು ಏನು ಎಂದು ಕೇಳಿದರೆ, "ಅದು ಯಾವಾಗಲೂ ಹಾಗೆಯೇ ಉಂಟು ಅಂಕಲ್" ಎಂಬ ಉತ್ತರ.

ಮಗ ತನ್ನ ಫೋನಿನಲ್ಲಿ ಎಂ-ಪರಿವಾಹನ್ ಎಂಬ ಸರಕಾರದ ವ್ಯವಸ್ಥೆಯಲ್ಲಿ ಕಾರಿನ ನಂಬ್ರ ಹಾಕಿ ನೋಡಿದ. ಕಾರು ಖಾಸಗಿ ನೋಂದಣಿಯದು. ವಿಮೆ ಇತ್ತು. ಹೊಗೆ ಪರೀಕ್ಷೆಯ ಅವಧಿ ಮುಗಿದು ಮೂರು ತಿಂಗಳಾಗಿತ್ತು.

"ಇದು ಬಿಳಿ ಬೋರ್ಡಿನ ಕಾರಲ್ಲವಾ? ಬಾಡಿಗೆಗೆ ಕೊಡ್ಲಿಕ್ಕೆ ಆಗ್ತದಾ?" ಎಂದು ಕೇಳಿದೆ.

"ಎಲ್ಲರೂ ಕೊಡ್ತಾರೆ ಅಂಕಲ್. ದಾರಿಯಲ್ಲಿ ಯಾರಾದರೂ ಹಿಡಿದರೆ ಚಿಕ್ಕಪ್ಪನ ಕಾರು ಅಂತ ಹೇಳಿ. ಬಾಡಿಗೆ ಅಂತ ಮಾತ್ರ ಹೇಳಬೇಡಿ."

ಪಕ್ಕದಲ್ಲಿ ನಿಂತಿದ್ದ ಮೊಮ್ಮಗ, "ಅಜ್ಜ, ಯಾರ ಚಿಕ್ಕಪ್ಪ?" ಎಂದು ಕೇಳಿದ. ಯಾರೂ ಉತ್ತರ ಕೊಡಲಿಲ್ಲ. ಜಗಲಿಯಲ್ಲಿ ಕುಳಿತಿದ್ದ ಅಕ್ಕ ಅಲ್ಲಿಂದಲೇ, "ತಮ್ಮ, ಬಸದಿಗೆ ಹೋಗುವ ದಾರಿಯಲ್ಲಿ ಸುಳ್ಳು ಹೇಳಿಕೊಂಡು ಹೋಗುವುದಾ? ನನಗೆ ದರ್ಶನ ಇನ್ನೊಮ್ಮೆ ಆದೀತು" ಎಂದಳು. ಈ ಪ್ರಾಯದಲ್ಲಿ ಇನ್ನೊಮ್ಮೆ ಎಂಬುದು ಎಷ್ಟು ಅನಿಶ್ಚಿತ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು.

ಹುಡುಗನನ್ನು ಗದರಿಸುವುದರಿಂದ ಪ್ರಯೋಜನವಿರಲಿಲ್ಲ. ಕಾರು ಅವನದಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಮುಟ್ಟಿಸುವುದು ಅವನ ಕೆಲಸ. ಒಡೆಯ ಬೇರೆ ದೇಶದಲ್ಲಿ. ಮಧ್ಯವರ್ತಿ ಫೋನಿನಲ್ಲಿ. ಕಾರು ತನ್ನದೆಂದು ಹೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ಅವನಿಗೆ ಚಹಾ ಕೊಡಿಸಿ, "ಈ ಕಾರು ನಮಗೆ ಬೇಡ. ಬ್ರೇಕು ಸರಿ ಮಾಡಿಸದೆ ಬೇರೆಯವರಿಗೂ ಕೊಡಬೇಡಿ ಎಂದು ನಿಮ್ಮ ಯಜಮಾನರಿಗೆ ಹೇಳು" ಎಂದು ಕಳುಹಿಸಿದೆ. ಮುಂಗಡದ ಸಾವಿರ ರೂಪಾಯಿ ಈವರೆಗೆ ಹಿಂದೆ ಬಂದಿಲ್ಲ. ಅದನ್ನು ಖರ್ಚಿನ ಲೆಕ್ಕಕ್ಕೆ ಬರೆದು ಮುಗಿಸಿದ್ದೇನೆ.

ನಮ್ಮ ಮಿತ್ರರು ಪೇಟೆಗೆ ಫೋನ್ ಮಾಡಿ ಒಂದು ಟ್ಯಾಕ್ಸಿ ಕರೆಸಿದರು. ಹನ್ನೊಂದು ವರ್ಷ ಹಳೆಯ ವಾಹನ. ಹಳದಿ ಬೋರ್ಡು. ಬಣ್ಣ ಅಲ್ಲಲ್ಲಿ ಮಾಸಿತ್ತು, ಆದರೆ ಒಳಗೆ ಸೀಟಿಗೆ ಹೊದಿಸಿದ ಬಿಳಿ ಬಟ್ಟೆ ಆ ದಿನ ಒಗೆದು ಹಾಕಿದ್ದು. ಚಾಲಕರು ಐವತ್ತು ದಾಟಿದ ಬ್ಯಾರಿ ಗೃಹಸ್ಥರು. ನಮ್ಮ ಪೂಜೆಯ ಬುಟ್ಟಿ ನೋಡಿ, ಕೇಳುವ ಮೊದಲೇ ಡಿಕ್ಕಿಯಲ್ಲಿ ಹೊಸ ಪೇಪರು ಹಾಸಿದರು. "ನಾಲ್ಕು ಸಾವಿರ ಆಗ್ತದೆ ಅಣ್ಣ. ಕಡಿಮೆ ಮಾಡ್ಲಿಕ್ಕೆ ಕಷ್ಟ" ಎಂದು ಮೊದಲೇ ಹೇಳಿದರು. ನಾನು ಚೌಕಾಸಿ ಮಾಡಲಿಲ್ಲ.

ಹೆದ್ದಾರಿಯಲ್ಲಿ ಉತ್ತರಕ್ಕೆ ಮರಳಿ ಬಂಗ್ರಮಂಜೇಶ್ವರಕ್ಕೆ ತಲುಪಿದೆವು. ಮಂಜೇಶ್ವರ ಹೊಳೆಯ ದಕ್ಷಿಣ ದಡದ ಈ ಊರಿನಲ್ಲಿ ಹಳೆಯ ಬಸದಿಗಳಿವೆ. ನಮ್ಮ ಮೂಡುಬಿದಿರೆಯ 1430ರ ಸಾವಿರ ಕಂಬದ ಬಸದಿಯನ್ನಾಗಲಿ, 1586ರಲ್ಲಿ ಇಮ್ಮಡಿ ಭೈರವರಸರು ಕಟ್ಟಿಸಿದ ಕಾರ್ಕಳದ ಚತುರ್ಮುಖ ಬಸದಿಯನ್ನಾಗಲಿ ನೋಡಿ ಬೆಳೆದವರಿಗೆ ಇದು ಗಾತ್ರದಲ್ಲಿ ಸಣ್ಣದೆನಿಸಬಹುದು. ಆದರೆ ನಾಲ್ಕು ದಿಕ್ಕಿಗೆ ಮುಖ ಮಾಡಿದ ಜಿನಬಿಂಬಗಳ ಮುಂದೆ ನಿಂತಾಗ ಗಾತ್ರದ ಯೋಚನೆ ಬರುವುದಿಲ್ಲ. ಅಕ್ಕ ಮೊಮ್ಮಗನ ಕೈ ಹಿಡಿದು ಪ್ರದಕ್ಷಿಣೆ ಬಂದಳು. ನಾಲ್ಕೂ ಕಡೆ ನಿಂತು ಕೈ ಮುಗಿದಳು. ಹೊರಗೆ ಬಂದ ಮೇಲೆ ಬಹಳ ಹೊತ್ತು ಮಾತನಾಡಲಿಲ್ಲ.

ಅಲ್ಲಿಂದ ಗಿಳಿವಿಂಡಿಗೆ ಹೋದೆವು. ಮಂಜೇಶ್ವರ ಗೋವಿಂದ ಪೈಗಳು 1883ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡರು. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಗೌರವ ಕೊಟ್ಟಿತು. ಗೊಮ್ಮಟ ಜಿನಸ್ತುತಿ ರಚಿಸಿದ ಕವಿ ಎಂಬ ಕಾರಣಕ್ಕೆ ನಮ್ಮ ಸಮಾಜದವರಿಗೆ ಅವರು ಇನ್ನೂ ಹತ್ತಿರ. ಅವರ ಮನೆ ಈಗ ಸ್ಮಾರಕವಾಗಿದೆ. ಈ ದಾರಿಯಲ್ಲಿ ಹೋಗುವ ಬಂಧುಗಳು ಮಕ್ಕಳಿಗೆ ತಪ್ಪದೆ ತೋರಿಸಿ.

ದಾರಿಯಲ್ಲಿ ನಾನು ಚಾಲಕರ ಬಳಿ ಬೆಳಗಿನ ಕಾರಿನ ವಿಷಯ ತೆಗೆದೆ. ಅವರು ನಿಂದನೆ ಮಾಡಲಿಲ್ಲ. "ಅವರಿಗೂ ಸಾಲ ಉಂಟು, ಕಂತು ಕಟ್ಟಬೇಕು" ಎಂದರು. ಆಮೇಲೆ ಎದುರಿನ ಪೆಟ್ಟಿಗೆಯಿಂದ ಒಂದು ಸಣ್ಣ ನೋಟ್ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟರು. ಎಣ್ಣೆ ಬದಲಿಸಿದ ದಿನ, ಬ್ರೇಕ್ ಪ್ಯಾಡ್ ಹಾಕಿದ ದಿನ, ಟಯರು ತೆಗೆದ ದಿನ, ಕೊಟ್ಟ ಹಣ ಎಲ್ಲವನ್ನೂ ಅದರಲ್ಲಿ ಬರೆದಿಟ್ಟಿದ್ದರು. ನಮ್ಮ ಅಂಗಡಿಯ ರೋಜುಪುಸ್ತಕದ ಹಾಗೆಯೇ ಇತ್ತು. "ನಮ್ಮದು ಹಳದಿ ಬೋರ್ಡು ಅಣ್ಣ. ಎಂಟು ವರ್ಷ ದಾಟಿದ ಗಾಡಿ. ಪ್ರತಿ ವರ್ಷ ಎಫ್.ಸಿ.ಗೆ ತೋರಿಸಬೇಕು. ಸರಿ ಇಟ್ಟುಕೊಳ್ಳದೆ ಉಪಾಯ ಇಲ್ಲ" ಎಂದರು.

ಈ ಮಾತಿನಲ್ಲಿ ಇಡೀ ವಿಷಯದ ತಿರುಳು ಇದೆ. ಬಾಡಿಗೆಗೆಂದು ನೋಂದಾಯಿಸಿದ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಯೋಗ್ಯತಾ ಪತ್ರ ಮಾಡಿಸಬೇಕು. ಖಾಸಗಿ ಕಾರಿಗೆ ಮೊದಲ 15 ವರ್ಷ ಅಂಥ ಪರೀಕ್ಷೆಯೇ ಇಲ್ಲ. ಮನೆಯವರು ಮಾತ್ರ ಓಡಿಸುವ ಕಾರನ್ನು ಮನೆಯವರೇ ಜೋಪಾನ ಮಾಡುತ್ತಾರೆ ಎಂಬ ನಂಬಿಕೆಯ ಮೇಲೆ ಆ ನಿಯಮ ನಿಂತಿದೆ. ಅದೇ ಕಾರನ್ನು ಗುಟ್ಟಾಗಿ ದಿನಕ್ಕೊಬ್ಬರಿಗೆ ಕೊಟ್ಟರೆ ಜೋಪಾನ ಮಾಡುವ ಮನೆಯವರೂ ಇಲ್ಲ, ಪರೀಕ್ಷಿಸುವ ಅಧಿಕಾರಿಯೂ ಇಲ್ಲ. ಬಾಡಿಗೆ ಎಂದು ಬಾಯಿಬಿಟ್ಟು ಹೇಳಲಾಗದ ಕಾರಿನ ಕೊಳಕಿನ ಬಗ್ಗೆ ದೂರು ಕೊಡುವುದಾದರೂ ಯಾರಿಗೆ? ತೆಗೆದುಕೊಂಡವನೂ ಗುಟ್ಟಿನಲ್ಲಿ ಪಾಲುದಾರ.

ಸ್ವಂತ ಚಾಲನೆಗೆ ಕಾರು ಬಾಡಿಗೆಗೆ ಕೊಡುವುದೇ ತಪ್ಪು ಎಂದು ಯಾರೂ ತಿಳಿಯಬಾರದು. 1988ರ ಮೋಟಾರು ವಾಹನ ಕಾಯಿದೆಯ ಅಡಿಯಲ್ಲಿ 1989ರಲ್ಲಿಯೇ ಕೇಂದ್ರ ಸರಕಾರ ರೆಂಟ್ ಎ ಕ್ಯಾಬ್ ಯೋಜನೆ ತಂದಿದೆ. ಅದರ ಪ್ರಕಾರ ಪರವಾನಗಿ ಪಡೆಯಲು ಕನಿಷ್ಠ 50 ವಾಹನಗಳಿರಬೇಕು. ಅಂಥ ಕಾರುಗಳ ಫಲಕ ಕಪ್ಪು, ಅಕ್ಷರ ಹಳದಿ. ಚಾಲಕ ಸಮೇತ ಬರುವ ಟ್ಯಾಕ್ಸಿಯ ಫಲಕ ಹಳದಿ, ಅಕ್ಷರ ಕಪ್ಪು. ಬಿಳಿ ಫಲಕದ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಖಾಸಗಿ. ಹಣ ತೆಗೆದುಕೊಳ್ಳದೆ ನೆಂಟರಿಗೆ, ಸ್ನೇಹಿತರಿಗೆ ಒಂದು ದಿನಕ್ಕೆ ಕೊಡಬಹುದು. ಬಾಡಿಗೆ ಪಡೆದು ಕೊಡುವಂತಿಲ್ಲ. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದರೆ 2019ರ ತಿದ್ದುಪಡಿಯ ಬಳಿಕ ದಂಡ 10,000 ರೂಪಾಯಿ.

ದಂಡದ ಮಾತು ಸಣ್ಣದು. ವಿಮೆಯ ಮಾತು ದೊಡ್ಡದು. ಖಾಸಗಿ ಕಾರಿನ ವಿಮಾ ಪತ್ರದಲ್ಲಿ, ಬಾಡಿಗೆಗೆ ಬಳಸಿದರೆ ಈ ವಿಮೆ ಅನ್ವಯಿಸುವುದಿಲ್ಲ ಎಂಬ ಷರತ್ತು ಇರುತ್ತದೆ. ಅಪಘಾತವಾಗಿ ಯಾರಿಗಾದರೂ ಜೀವಹಾನಿಯಾದರೆ ಕಂಪೆನಿ ಪರಿಹಾರ ಕೊಡಲು ತಕರಾರು ಮಾಡಬಹುದು. ಅಥವಾ ಪರಿಹಾರ ಕೊಟ್ಟು, ಆ ಮೊತ್ತವನ್ನು ಕಾರಿನ ಒಡೆಯನಿಂದ ವಸೂಲು ಮಾಡಬಹುದು. ನಮ್ಮ ವ್ಯಾಪಾರಸ್ಥ ಮನೆಗಳಲ್ಲಿಯೂ ಈಗ ಎರಡು ಮೂರು ಕಾರುಗಳಿವೆ. "ಸುಮ್ಮನೆ ನಿಂತಿದೆಯಲ್ಲ, ಬಾಡಿಗೆಗೆ ಕೊಟ್ಟರೆ ಕಂತಿಗಾದರೂ ಆಯಿತು" ಎಂದು ಯೋಚಿಸುವವರು ಈ ಷರತ್ತನ್ನು ಒಮ್ಮೆ ಓದಬೇಕು. ದಿನಕ್ಕೆ ಎರಡು ಸಾವಿರದ ಆಸೆಗೆ ಅಂಗಡಿ, ಮನೆ, ಮೂರು ತಲೆಮಾರು ಕೂಡಿಟ್ಟ ಬಂಡವಾಳ ಎಲ್ಲವನ್ನೂ ಪಣಕ್ಕೆ ಒಡ್ಡಿದ ಹಾಗಾಗುತ್ತದೆ.

ಕೇರಳದಲ್ಲಿ ಇದು ಬರೀ ಭಯದ ಮಾತಾಗಿ ಉಳಿಯಲಿಲ್ಲ. 2024ರ ಡಿಸೆಂಬರ್ 2ರ ರಾತ್ರಿ ಆಲಪ್ಪುಳದ ಕಳರ್‌ಕೋಡಿನಲ್ಲಿ ಜೋರು ಮಳೆಯಲ್ಲಿ ಒಂದು ಕಾರು ಸರಕಾರಿ ಬಸ್ಸಿಗೆ ಬಡಿಯಿತು. ಅದರಲ್ಲಿದ್ದವರು ವೈದ್ಯಕೀಯ ಕಾಲೇಜಿನ 11 ವಿದ್ಯಾರ್ಥಿಗಳು. ಆರು ಮಕ್ಕಳು ತೀರಿಕೊಂಡರು. ಹಳೆಯ ಖಾಸಗಿ ಕಾರನ್ನು ಅವರು ಬಾಡಿಗೆಗೆ ಪಡೆದಿದ್ದರೆಂಬುದು ತನಿಖೆಯಲ್ಲಿ ಹೊರಬಂತು. ಮಳೆ, ಹಿಡಿಸುವುದಕ್ಕಿಂತ ಹೆಚ್ಚು ಜನ, ಕಾರಿನ ಹಳೆತನ ಎಲ್ಲವೂ ಸೇರಿದ್ದವು. ಬಿಳಿ ಬೋರ್ಡಿನ ಬಾಡಿಗೆಯ ವಿರುದ್ಧ ರಾಜ್ಯದ ಸಾರಿಗೆ ಇಲಾಖೆ ಎಚ್ಚರಿಕೆ ಕೊಟ್ಟದ್ದು ಅದರ ಬಳಿಕ. ಆ ಸುದ್ದಿ ಓದಿದ ದಿನ ಪ್ರತಿ ಮನೆಯಲ್ಲಿಯೂ ತಂದೆ ತಾಯಿಗಳು ತಮ್ಮ ಮಕ್ಕಳನ್ನು ನೆನೆದಿರಬೇಕು.

ಬಾಡಿಗೆಯ ಎತ್ತನ್ನು ಬಡಿದು ಬಡಿದು ಹೂಡುವವರ ವಿಷಯ ನಮ್ಮ ಹಿರಿಯರು ಆಡಿಕೊಳ್ಳುತ್ತಿದ್ದರು. ತನ್ನದಲ್ಲದ ಎತ್ತಿಗೆ ಹುಲ್ಲೂ ಕಡಿಮೆ, ಮೈ ತೊಳೆಯುವುದೂ ಇಲ್ಲ. ಈಗ ಎತ್ತಿನ ಜಾಗಕ್ಕೆ ಕಾರು ಬಂದಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳನ್ನು ಹೇಳುವಾಗ ಅತಿಭಾರಾರೋಪಣ, ಎಂದರೆ ಮಿತಿ ಮೀರಿ ಹೊರೆ ಹೇರುವುದು, ಒಂದೆಂದು ಎಣಿಸಿದ್ದಾರೆ. ಅಚೌರ್ಯದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಸೇರಿದೆ. ರಾಜ್ಯದ ನಿಯಮ ಮೀರಿ ಲಾಭ ಮಾಡುವುದು ಎಂದು ನಮಗೆ ಬಾಲ್ಯದಲ್ಲಿ ಅರ್ಥ ಹೇಳಿಕೊಟ್ಟಿದ್ದರು. ಅಂದಿನವರು ಮೋಟಾರು ಕಂಡವರಲ್ಲ. ವ್ಯಾಪಾರಿಯ ಮನಸ್ಸು ಎಲ್ಲಿ ಜಾರುತ್ತದೆ ಎಂಬುದನ್ನು ಮಾತ್ರ ಚೆನ್ನಾಗಿ ಕಂಡಿದ್ದರು.

ಮಧ್ಯಾಹ್ನದ ಮೇಲೆ ಮತ್ತೆ ಬಂದ್ಯೋಡಿಗೆ ಬಂದು ಪೂರ್ವದ ರಸ್ತೆ ಹಿಡಿದು ಪೊಸಡಿಗುಂಪೆಗೆ ಹೋದೆವು. ಅಡಿಕೆ ತೋಟ, ರಬ್ಬರು, ಮುಳಿಹುಲ್ಲಿನ ಪಾರೆ ದಾಟಿ ದಾರಿ ಏರುತ್ತದೆ. ಅಕ್ಕ ಕೆಳಗೆ ಮರದ ನೆರಳಿನಲ್ಲಿ ಕುಳಿತಳು. ನಾವು ಮೇಲೆ ಹತ್ತಿದೆವು. ಒಂದು ಕಡೆ ಪಡುವಣ ಸಮುದ್ರ, ಇನ್ನೊಂದು ಕಡೆ ಘಟ್ಟದ ನೀಲಿ ಸಾಲು. ಇಳಿಯುವಾಗ ಚಾಲಕರು ಗೇರು ತಗ್ಗಿಸಿ, ಬ್ರೇಕಿಗೆ ಹೆಚ್ಚು ಕೆಲಸ ಕೊಡದೆ ಇಳಿಸಿದರು. "ಬ್ರೇಕ್ ಒತ್ತಿಕೊಂಡೇ ಇಳಿದರೆ ಕಾದು ಹೋಗ್ತದೆ" ಎಂದು ಮಗನಿಗೆ ವಿವರಿಸಿದರು. ಆ ತಿರುವುಗಳಲ್ಲಿ ಬೆಳಗಿನ ಕಾರಿನ ಪೆಡಲು ನನಗೆ ನೆನಪಾಗದೆ ಇರಲಿಲ್ಲ. ಅಕ್ಕ, ಮೊಮ್ಮಗ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದರು. ಐದೂವರೆಗೆ ಮಿತ್ರರ ಮನೆ ತಲುಪಿ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿದೆವು.

ಪ್ರವಾಸ ಹೊರಡುವ ಬಂಧುಗಳಿಗೆ ಉಪಯೋಗವಾಗಲೆಂದು ಕೆಲವು ವಿಷಯಗಳನ್ನು ಇಲ್ಲಿ ಹೇಳುತ್ತೇನೆ. ಇದಕ್ಕೆ ಮೆಕ್ಯಾನಿಕನ ವಿದ್ಯೆ ಬೇಕಾಗಿಲ್ಲ. ಕಾಲು ಗಂಟೆ ಸಾಕು.

ಮೊದಲು ಬೋರ್ಡಿನ ಬಣ್ಣ ನೋಡಿ. ಆಮೇಲೆ ನಂಬ್ರ ಹಾಕಿ ವಿಮೆ, ಯೋಗ್ಯತಾ ಪತ್ರ, ಹೊಗೆ ಪರೀಕ್ಷೆಯ ಅವಧಿ ನೋಡಿ. ನಿಮಗೆ ಬಾರದಿದ್ದರೆ ಮನೆಯ ಮಕ್ಕಳು ಎರಡು ನಿಮಿಷದಲ್ಲಿ ನೋಡಿ ಹೇಳುತ್ತಾರೆ.

ಟಯರಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಟಯರು ಸವೆದು ಆ ಉಬ್ಬಿಗೆ ಸಮನಾಗಿದ್ದರೆ ಅದು ಮುಗಿದ ಟಯರು. ಹೊರಬದಿ ಮಾತ್ರ ನೋಡದೆ ಒಳಬದಿಗೂ ಕೈ ಹಾಕಿ. ಪಕ್ಕದಲ್ಲಿ ಅಚ್ಚು ಹಾಕಿದ ನಾಲ್ಕು ಅಂಕೆಗಳು ಅದರ ಜಾತಕ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಹೆಚ್ಚು ಓಡದೆ ನಿಂತ ಕಾರಿನ ಟಯರು ನೋಡಲು ಹೊಸದರಂತಿದ್ದರೂ ರಬ್ಬರು ಬಿರುಕು ಬಿಟ್ಟಿರಬಹುದು.

ಬ್ರೇಕ್ ಒತ್ತಿದಾಗ ಪೆಡಲು ಗಟ್ಟಿಯಾಗಿ ನಿಲ್ಲಬೇಕು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು. ಆದ್ದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ತೇವ ಸೇರಿದ ಎಣ್ಣೆ ಇಳಿಜಾರಿನಲ್ಲಿ ಕಾದು ಕುದಿದರೆ ಪೆಡಲು ಒತ್ತಿದರೂ ಹಿಡಿತ ಸಿಗುವುದಿಲ್ಲ. ನಮ್ಮ ಕರಾವಳಿಯ ತೇವದಲ್ಲಿ, ಘಟ್ಟದ ದಾರಿಗಳಲ್ಲಿ ಇದು ಇನ್ನೂ ಮುಖ್ಯ.

ಹಿಂದಿನ ಸೀಟಿನ ಬೆಲ್ಟುಗಳು ಕೈಗೆ ಸಿಗುತ್ತವೆಯೇ, ಕೊಂಡಿ ಬೀಳುತ್ತದೆಯೇ ನೋಡಿ. 2022ರ ಸೆಪ್ಟೆಂಬರ್ 4ರಂದು ಪಾಲ್‌ಘರ್ ಬಳಿ ಟಾಟಾ ಸನ್ಸ್ ಸಂಸ್ಥೆಯ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿಯವರು ತೀರಿಕೊಂಡದ್ದು ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕದೆ ಕುಳಿತಿದ್ದಾಗ. ಕಾರು ಬಹಳ ಬೆಲೆಯದಾಗಿತ್ತು. ಬದಲಿ ಟಯರು, ಜಾಕ್, ವೈಪರು, ದೀಪಗಳನ್ನೂ ನೋಡಿ. ಮೊದಲೇ ಇದ್ದ ಗೀರು, ಜಜ್ಜುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಕೊಟ್ಟ ಹಣಕ್ಕೆ ರಶೀದಿ ಕೇಳಿ. ರಶೀದಿ ಕೊಡಲು ಹಿಂಜರಿದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತೆಂದು ತಿಳಿಯಿರಿ.

ಕೊನೆಯದಾಗಿ, ಬಾಡಿಗೆಗೆ ಪಡೆದವರಿಗೂ ಒಂದು ಮಾತು. ಆ ಕಾರಿನ ಸಂದಿನಲ್ಲಿದ್ದ ಮರಳು, ಕಾಗದ, ಉಗುಳಿದ ಕಲೆ ಒಡೆಯ ತಂದು ಹಾಕಿದ್ದಲ್ಲ. ನಮ್ಮಂತೆಯೇ ಕುಟುಂಬ ಸಮೇತ ತಿರುಗಾಡಿದವರು ಬಿಟ್ಟು ಹೋದದ್ದು. ಬಾಡಿಗೆಯದಲ್ಲವೇ ಎಂದು ಹೇಗೆ ಬೇಕಾದರೂ ಬಳಸಿದವರು ಒಬ್ಬರಲ್ಲ, ಹತ್ತಾರು ಜನ. ನಮ್ಮ ಸೊಸೆ ಆ ಸಂಜೆ ಟ್ಯಾಕ್ಸಿಯಿಂದ ಇಳಿಯುವ ಮೊದಲು ಕಿತ್ತಳೆ ಸಿಪ್ಪೆ, ಕಡಲೆಯ ಪೊಟ್ಟಣ ಎಲ್ಲವನ್ನೂ ಒಂದು ಚೀಲದಲ್ಲಿ ತುಂಬಿಕೊಂಡಳು. ಮೊಮ್ಮಗ ಸೀಟಿನ ಅಡಿಗೆ ಬಗ್ಗಿ ನೋಡಿ ಬಿದ್ದಿದ್ದ ಎರಡು ಕಡಲೆಯನ್ನು ಹೆಕ್ಕಿ ತಂದ. ಚಾಲಕರು, "ಇರಲಿ ಅಣ್ಣ, ನಾನು ಹೇಗೂ ನಾಳೆ ತೊಳೀತೇನೆ" ಎಂದರು. ನಾನು ನಾಲ್ಕು ಸಾವಿರ ಕೊಟ್ಟೆ. ಅವರು ಎಣಿಸಿ, ನೋಟ್ ಪುಸ್ತಕದಲ್ಲಿ ಬರೆದುಕೊಂಡು, ರಶೀದಿ ಹರಿದು ಕೊಟ್ಟರು.